ಗೀರೋ ಬಿರುಕೋ

ರಿಯಾಕ್ಟರಿನಿಂದ ತೆಗೆದ ಇಂಧನದ ಕಡ್ಡಿಗಳನ್ನು ಹತ್ತಿರ ನಿಂತು ನೋಡಿದವನು ಬದುಕಿ ಉಳಿಯುವುದಿಲ್ಲ. ಅದಕ್ಕೇ ಮತ್ತೆ ರಿಯಾಕ್ಟರಿಗೆ ಹಾಕುವ ಮುನ್ನ ಅವನ್ನು ಆಳದ ನೀರಿನೊಳಗೆ ನಿಲ್ಲಿಸಿ, ಮೇಲಿನಿಂದ ಉದ್ದನೆಯ ದುರ್ಬೀನು ಇಳಿಬಿಟ್ಟು ನೋಡಬೇಕು. ಆ ಸ್ಥಾವರದಲ್ಲಿ ನೋಡುವ ಕೆಲಸ ಮಾವನದು. ಘಟಕದ ಮುಖ್ಯಸ್ಥನೇ ಅಳಿಯನಾದ ಮೇಲೆ ಗೇಟಿನ ಕಾವಲುಗಾರನಿಗೂ ಅವರು ಮಾವನೇ. ಅವರ ಮಾನ ಮರ್ಯಾದೆಯೆಲ್ಲ ಇದ್ದದ್ದು ಆ ಕಣ್ಣಲ್ಲಿ.

ವಿಕಿರಣಕ್ಕೆ ದುರ್ಬೀನಿನ ತುದಿಯ ಗಾಜು ಹಳದಿಗಟ್ಟುತ್ತದೆ, ಬಳಸಿ ಬಳಸಿ ಗೀರೂ ಬೀಳುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಹುಟ್ಟಿದ್ದೇ ಈ ಕಸುಬಿನವರಿಗಾಗಿ ಇರಬೇಕು. ಗೆರೆ ಕಂಡರೆ ದುರ್ಬೀನನ್ನು ತಿರುಗಿಸಬೇಕು. ಗೆರೆಯೂ ಜೊತೆಗೆ ತಿರುಗಿದರೆ ಅದು ಗಾಜಿನ ಗೀರು. ಕಡ್ಡಿಯ ಮೇಲೇ ನಿಂತರೆ ಬಿರುಕು.

ಆ ದಿನ ಕೂದಲೆಳೆಯಂಥ ಗೆರೆಯೊಂದು ಕಂಡಿತು. ಮಾವ ತಿರುಗಿಸಿದರು. ಗೆರೆ ಕದಲಲಿಲ್ಲ.

"ಬಿರುಕು," ಅಂದರು.

ಅಳಿಯನ ಮುಖ ಹುಳ್ಳಗಾಯಿತು. ಸೋಮವಾರ ರಿಯಾಕ್ಟರ್ ಶುರುಮಾಡುತ್ತೇವೆಂದು ಮೇಲಿನವರಿಗೆ ಮಾತು ಕೊಟ್ಟಾಗಿತ್ತು, ಅವನ ಬಡ್ತಿಯೂ ಅದರ ಬಾಲ ಹಿಡಿದೇ ನಿಂತಿತ್ತು. "ಪೊರೆ ತೆಗೆಸಿದ ಕಣ್ಣಲ್ವಾ ಮಾವ ನಿಮ್ಮದು? ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ."

ಸುತ್ತ ನಿಂತವರು ನಕ್ಕರು. ಸಾಹೇಬರ ಜೋಕಿಗೆ ನಗದವನಿಗೆ ನೌಕರಿ ಯಾಕೆ?

"ನೀವೇ ಒಂದ್ಸಲ ನೋಡಿ," ಎಂದು ಮಾವ ಸರಿದು ಜಾಗ ಬಿಟ್ಟರು.

ಅಳಿಯ ಕಣ್ಣಿಡಲಿಲ್ಲ. "ನೋಡೋದು ನಿಮ್ಮ ಕೆಲಸ. ಯೋಚನೆ ಮಾಡಿ ನಾಳೆ ಸಭೇಲಿ ಹೇಳಿ." ಜಾಣ! ನೋಡಿಬಿಟ್ಟರೆ ಕಂಡುಬಿಡುತ್ತದಲ್ಲ.

ಸಂಜೆ ಮಗಳು ಬಂದಳು. "ಅಪ್ಪಾ, ಒಂದು ಮಾತು ಆಚೀಚೆ ಆದ್ರೆ ನಿಮ್ಮದೇನು ಗಂಟು ಹೋಗುತ್ತೆ? ಅವರು ನನ್ನ ಹತ್ರ ಮಾತೇ ಆಡ್ತಿಲ್ಲ." ಅತ್ತು ಅತ್ತು ಅವಳ ಕಣ್ಣು ಊದಿತ್ತು.

ಮರುದಿನ ಸಭೆಯಲ್ಲಿ ಮಾವ ಮೇಜು ನೋಡುತ್ತ ಹೇಳಿದರು, "ಗೀರೇ ಇರಬಹುದು."

ರಿಯಾಕ್ಟರ್ ಶುರುವಾಗಿ ವಾರ ಕಳೆಯುವಷ್ಟರಲ್ಲಿ ವಾಪಸು ಹಾಕಿದ ಆ ಕಡ್ಡಿ ಸೋರಿ, ಒಳಗಿನ ವಿಷ ರಿಯಾಕ್ಟರನ್ನು ತಣಿಸುವ ನೀರಿಗೆ ಇಳಿಯಿತು. ಎಲ್ಲ ನಿಲ್ಲಿಸಬೇಕಾಯಿತು. ತನಿಖೆಯವರೆದುರು ಅಳಿಯ ಹೇಳಿದ್ದರಲ್ಲಿ ಮುಕ್ಕಾಲು ಪಾಲು ನಿಜವೇ. "ನಾನು ನೋಡೇ ಇಲ್ಲ ಸಾರ್. ಗೀರು ಅಂದಿದ್ದು ಮಾವ. ಪಾಪ, ವಯಸ್ಸಾಯ್ತು, ಕಣ್ಣು ಮಂಜು." ಅವತ್ತು ನಕ್ಕವರೆಲ್ಲ ಹೌದೌದೆಂದು ತಲೆದೂಗಿದರು. ಕಣ್ಣು ಕಾಣದವರೆಂದು ಮಾವನನ್ನು ಮನೆಗೆ ಕಳಿಸಿದರು. ಅಳಿಯನ ಬಡ್ತಿ ತಡವಾಯಿತು, ಆದರೂ ಬಂತು.

ಈಗ ಮಗಳು ದಿನಾ ಬೆಳಿಗ್ಗೆ ಬಂದು ಅಪ್ಪನಿಗೆ ಪೇಪರ್ ಓದಿ ಹೇಳುತ್ತಾಳೆ. "ಕಣ್ಣು ಕಾಣಲ್ಲ ಅಂತ ಮೊದಲೇ ಬಾಯಿಬಿಟ್ಟು ಹೇಳಬಾರದಿತ್ತಾ ಅಪ್ಪಾ? ಅವರಿಗೆಷ್ಟು ತೊಂದರೆ ಆಯ್ತು!" ಪಾಪದವಳು, ಆ ಸಂಜೆ ತಾನಾಡಿದ್ದನ್ನು ಮರೆತು, ನಿಜವಾಗಿಯೂ ನಂಬಿದ್ದಾಳೆ.

 ಕಣ್ಣು ಕಾಣುತ್ತದೆ ಎಂದು ಮಾವ ಹೇಳಿದರೆ, ಹಾಗಾದರೆ ಅವತ್ತು ಸುಳ್ಳು ಯಾಕೆ ಹೇಳಿದಿರಿ ಎಂದು ಕೇಳುತ್ತಾಳೆ. ಉತ್ತರ ಅವಳೇ. ಪೇಪರಿನ ತಳದ ಸಣ್ಣಕ್ಷರವೂ ಅವರಿಗೆ ಕೂತಲ್ಲಿಂದಲೇ ನಿಚ್ಚಳ. ಮೊನ್ನೆ ಅವಳು ಒಂದು ಸಾಲು ಬಿಟ್ಟು ಓದಿದಳು. ಅವರು ಸುಮ್ಮನಿದ್ದರು.