ತೊಟ್ಟಿ ಗೋಡೆಯ ನೆಂಟ

ನೀರಿನ ತೊಟ್ಟಿಯ ಗೋಡೆಯಲ್ಲಿ ಅರಳಿ ಸಸಿ ಹುಟ್ಟಿದ್ದನ್ನು ಮೊದಲು ಕಂಡವಳು ಸೊಸೆ ಸೋನ್ಮತಿ. ಕಂಡರೂ ಯಾರಿಗೂ ಹೇಳಲಿಲ್ಲ. ದ್ವೀಪದ ಊರಾದ ಲಂಬಾಸಾದ ಈ ಕಬ್ಬಿನ ಗದ್ದೆಗಳ ನಡುವಿನ ಮನೆಗೆ ಮದುವೆಯಾಗಿ ಬಂದ ಮೇಲೆ ಅವಳು ಯಾರಿಗೂ ಏನನ್ನೂ ಹೆಚ್ಚಾಗಿ ಹೇಳಿದವಳಲ್ಲ. ತವರಿನಲ್ಲಿ ಅಂಗಳದಾಚೆ ದೊಡ್ಡ ಅರಳಿಮರವಿತ್ತು. ಇಲ್ಲಿ ಎತ್ತ ನೋಡಿದರೂ ಕಬ್ಬು, ಅದರಾಚೆ ತೆಂಗು. ಹಾಗಾಗಿ ಎರಡೇ ಎಲೆಯ ಆ ಸಸಿ ತನ್ನ ಬೆನ್ನ ಹಿಂದೆಯೇ ನಡೆದು ಬಂದಿದೆ ಎಂದು ಅವಳಿಗೆ ಅನ್ನಿಸಿತು. ಅತ್ತೆ ಒಳಗಿರುವ ಹೊತ್ತು ನೋಡಿ, ಶನಿವಾರ ಶನಿವಾರ ಒಂದು ಚೊಂಬು ನೀರು ಹಾಕಿದಳು.

ನೀರು ಕುಡಿದ ಅರಳಿ ಸುಮ್ಮನಿರುತ್ತದೆಯೇ? ತೋಳುದ್ದ ಬೆಳೆಯಿತು. ಒಂದು ಬೆಳಿಗ್ಗೆ ತೊಟ್ಟಿ ಬಿರುಕು ಬಿಟ್ಟು ಸೋರತೊಡಗಿತು.

“ನೋಡೇ, ನಿನ್ನ ದೇವರು ಬಂದು ನನ್ನ ತೊಟ್ಟಿ ಒಡೆದಿದಾನೆ,” ಎಂದರು ಮಾವ ಜಗರೂಪ್.

“ಬಿಡ್ತು ಅನ್ನಿ! ತಾನಾಗೇ ಬಂದಿರೋನು,” ಅತ್ತೆ ಬಿಸುನ್‌ದೇಯಿ ಸಸಿಗೆ ಕೈಮುಗಿದರು.

“ಬಂದೋನಿಗೆ ಕೂರೋಕೆ ತೊಟ್ಟೀನೇ ಬೇಕಿತ್ತಾ? ಕಿತ್ತುಹಾಕು.”

“ನಾನಾ? ನೀವೇ ಕೀಳಿ.”

“ನನಗೇನು ಹುಚ್ಚಾ?”

ಅರಳಿಗೆ ಕತ್ತಿ ಹಾಕುವ ಪ್ರಸಂಗ ಬಂದರೆ ಆ ಸುತ್ತಿನ ಎಲ್ಲ ಮನೆಗಳೂ ಮಾಡುವುದು ಒಂದೇ ಕೆಲಸ: ವಿಲಿಕೇಸಾನನ್ನು ಕರೆಸುವುದು. ಇವರು ಗೇಣಿಗೆ ಉಳುವ ನೆಲವೆಲ್ಲ ಅವನ ವಂಶದ್ದು. ದ್ವೀಪದ ಮೂಲದವನಾದ ಅವನು ಅರಳಿಯನ್ನು ಪೂಜಿಸುವವನಲ್ಲ, ಹಾಗಾಗಿ ಪಾಪ ಅವನಿಗೆ ತಟ್ಟುವುದಿಲ್ಲವೆಂದು ಎಲ್ಲರ ನಂಬಿಕೆ. ಕಡಿದದ್ದಕ್ಕೆ ಒಂದು ಊಟ ಕೋಳಿ ಸಾರು.

ಬಂದವನ ಕೈಗೆ ಜಗರೂಪ್ ಕತ್ತಿ ಕೊಟ್ಟರು. “ಬುಡಕ್ಕೇ ಹಾಕು. ಆಮೇಲೆ ಡೀಸೆಲ್ ಸುರಿ, ಮತ್ತೆ ಚಿಗುರಬಾರದು.”

ಅಡುಗೆಮನೆಯಲ್ಲಿ ರೊಟ್ಟಿಗೆ ಹಿಟ್ಟು ಕಲಸುತ್ತಿದ್ದ ಸೋನ್ಮತಿಯ ಕೈ ನಿಂತುಹೋಯಿತು.

“ಆಗಲ್ಲ ಜಗ್ರೂ,” ಎಂದ ವಿಲಿಕೇಸಾ. “ಹೋದ ಸಲ ನಿನ್ನ ತಮ್ಮನ ಮನೆ ಮಾಡಿನ ಮೇಲಿದ್ದ ಅರಳಿ ಕಡಿದೆ. ಏಣಿಯಿಂದ ಬಿದ್ದೆ. ಅದೇ ವಾರ ಹಂದಿ ನುಗ್ಗಿ ನನ್ನ ಮರಗೆಣಸೆಲ್ಲ ತಿಂದ್ಕೊಂಡು ಹೋದ್ವು. ಪಾಪ ನಿಮ್ದು, ಸೊಂಟ ನನ್ದು.”

“ಕೋಳಿ ಸಾರು ತಿನ್ಲಿಲ್ವಾ?”

“ಸಾರು ಅವತ್ತೇ ಮುಗೀತು. ಸೊಂಟ ಇನ್ನೂ ನೋಯ್ತಿದೆ.” ಅವನು ಸಸಿಯ ಎದುರು ಕುಕ್ಕರಗಾಲಲ್ಲಿ ಕೂತು ನೋಡಿದ. “ನಿಮ್ಮಜ್ಜ ಕಡಲಾಚೆಯಿಂದ ಈ ನೆಲಕ್ಕೆ ಬಂದಾಗ ನಮ್ಮ ಪದ್ಧತಿ ಪ್ರಕಾರ ನಮ್ಮಜ್ಜನ ಮುಂದೆ ನಗೋನಾ ಬೇರಿಟ್ಟು ಜಾಗ ಕೇಳ್ಕೊಂಡ. ಇದೂ ಹೊರಗಿಂದ ಬಂದಿರೋದೇ. ಇದರ ಪರವಾಗಿ ಯಾರಾದ್ರೂ ಬೇರು ಇಡಲಿ, ಕೇಳಲಿ. ಕೇಳಿದ್ರೆ ಜಾಗ ಕೊಡ್ತೀನಿ. ಕಡಿಯೋ ಮಾತೇ ಇರಲ್ಲ.”

ಜಗರೂಪ್ ಒಳಹೋಗಿ, ಕುಟ್ಟಿ ನೀರಲ್ಲಿ ಕಲಸಿ ಕುಡಿಯಲೆಂದು ಕಾಗದದಲ್ಲಿ ಸುತ್ತಿಟ್ಟಿದ್ದ ನಗೋನಾ ಬೇರಿನ ಕಟ್ಟು ತಂದು ಅಲ್ಲಿಟ್ಟರು. ಆದರೆ ಕೂರಲಿಲ್ಲ. “ನಾನು ಕೇಳಲ್ಲಪ್ಪ. ನನ್ನ ತೊಟ್ಟಿ ಒಡೆದೋನಿಗೆ ನಾನೇ ವಕೀಲನಾ?”

“ನನಗೆ ನಿಮ್ಮ ಶಾಸ್ತ್ರ ಬರಲ್ಲ,” ಎಂದು ಅತ್ತೆ ಹಿಂದೆ ಸರಿದರು.

“ಯಾರ ಕಡೆಯದೂ ಅಲ್ಲ ಅಂದ್ರೆ ಇದು ನೆಂಟ ಅಲ್ಲ, ಕಳೆ,” ವಿಲಿಕೇಸಾ ಎದ್ದು ನಿಂತ. “ಕಳೆ ಕಡಿಯೋಕೆ ನಂಗ್ಯಾವ ಭಯ? ಕೊಡು ಕತ್ತಿ.”

ಕಾಲುಗಳು ತನ್ನನ್ನು ಹೊರಗೆ ತಂದದ್ದು ಸೋನ್ಮತಿಗೆ ತಿಳಿಯಲೇ ಇಲ್ಲ. ಸೆರಗು ಎಳೆದುಕೊಂಡು ಅವನೆದುರು ಕೂತಳು. ಹಿಟ್ಟು ಮೆತ್ತಿದ ಕೈಯಲ್ಲೇ ಬೇರಿನ ಕಟ್ಟನ್ನು ಮುಂದೆ ಸರಿಸಿದಳು.

“ಇದು ನನ್ನ ಕಡೆಯದು,” ಎಂದಳು. “ನೀರು ಹಾಕಿದ್ದು ನಾನೇ. ತೊಟ್ಟಿ ಒಡೆಯುತ್ತೆ ಅಂತ ಗೊತ್ತಿರ್ಲಿಲ್ಲ. ಇದಕ್ಕೆ ಹೋಗೋಕೆ ಬೇರೆ ಊರಿಲ್ಲ. ನಿಂತ್ಕೊಳ್ಳೋಷ್ಟು ಜಾಗ ಕೊಡಿ ಅಣ್ಣ.”

“ಏನಂದೆ? ನೀನಾ!” ಜಗರೂಪ್ ಹಾರಿಬಿದ್ದರು.

“ಶ್! ಮಾತು ನಡೀತಿದೆ,” ಎಂದು ವಿಲಿಕೇಸಾ ಗದರಿದ. ಆಮೇಲೆ ಗಂಭೀರವಾಗಿ ಕೂತು, ಬೇರನ್ನು ಮುಟ್ಟಿ, ಒಪ್ಪಿಗೆಯ ಗುರುತಾಗಿ ಬೊಗಸೆ ಮಾಡಿದ ಕೈಗಳಿಂದ ಧಪ್ ಧಪ್ ಎಂದು ಚಪ್ಪಾಳೆ ತಟ್ಟಿದ. “ತಗೊಂಡೆ. ನನ್ನ ಬಾಳೆ ತೋಟದಾಚೆ ತೊರೆ ದಡ ಇದೆ. ಅಲ್ಲಿ ನಿಂತ್ಕೊಳ್ಲಿ. ಅಲ್ಲಿ ಗೋಡೆ ಇಲ್ಲ, ತೊಟ್ಟಿ ಇಲ್ಲ, ಜಗ್ರೂನೂ ಇಲ್ಲ.”

ಸೋನ್ಮತಿಯೂ ಚಪ್ಪಾಳೆ ತಟ್ಟಿದಳು. ಹಿಟ್ಟು ಹಾರಿ ಅತ್ತೆಯ ಮೂಗಿನ ಮೇಲೆ ಕೂತಿತು.

ಉಳಿಯಿಂದ ಸಿಮೆಂಟು ಕೆತ್ತಿ, ಒಂದು ಬೇರೂ ಹರಿಯದಂತೆ ವಿಲಿಕೇಸಾ ಸಸಿ ಬಿಡಿಸಿದ. ತಟ್ಟೆಯಗಲದ ಗೋಡೆಯೂ ಜೊತೆಗೇ ಬಂತು. ಉಳಿದ ನೀರೆಲ್ಲ ಜಗರೂಪರ ಕಾಲಮೇಲೆ ಹರಿಯಿತು. ಅಷ್ಟರಲ್ಲಿ ನಗೋನಾ ಕುಟ್ಟಿ ಕಲಸಿಯೂ ಆಗಿತ್ತು. ತೆಂಗಿನ ಚಿಪ್ಪಿನಲ್ಲಿ ಮೊದಲ ಪಾಲು ಸೋನ್ಮತಿಯ ಮುಂದೆ ಬಂತು. ಅವಳು ಅತ್ತೆಯ ಮುಖ ನೋಡಿದಳು.

“ನನ್ನೇನು ನೋಡ್ತೀಯ? ನೆಂಟನ ಕಡೆಯವಳು ನೀನು, ಕುಡಿ,” ಎಂದರು ಬಿಸುನ್‌ದೇಯಿ ಮೂಗು ಒರೆಸಿಕೊಳ್ಳುತ್ತಾ. “ಎಷ್ಟು ದಿನದಿಂದ ಹಾಕ್ತಿದ್ದೆ ನೀರು? ನನಗ್ಯಾಕೆ ಹೇಳ್ಲಿಲ್ಲ? ನಾನೂ ಹಾಕ್ತಿದ್ನಲ್ಲ!”

“ಇಬ್ರೂ ಸೇರಿದ್ರೆ ಮನೇನೇ ಬೀಳ್ತಿತ್ತು,” ಎಂದರು ಜಗರೂಪ್.

ಸೋನ್ಮತಿ ಗಟಗಟ ಕುಡಿದಳು. ಹೇಳಲು ಎಷ್ಟೋ ಇತ್ತು, ಆದರೆ ನಗೋನಾದ ಗುಣಕ್ಕೆ ನಾಲಗೆ ಜೋಮು ಹಿಡಿದು ಮಾತೇ ಹೊರಡಲಿಲ್ಲ. ನಗುತ್ತಲೇ ಒದ್ದೆ ಗೋಣಿಯಲ್ಲಿ ಸಸಿ ಸುತ್ತಿಕೊಂಡು ಅವಳು ತೊರೆಯ ದಾರಿ ಹಿಡಿದಳು.