ಸುರಗಿ ನೀರು

ನಮ್ಮಲ್ಲಿ ಲಗ್ನದ ಮುಂಚಿನ ದಿನ ಸುರಗಿ. ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು ಸುತ್ತ ನೂಲು ಸುತ್ತುತ್ತಾರೆ. ನಡುವೆ ಮದುಮಗಳು, ಅವಳ ಬೆನ್ನಿಗೆ ಹಡೆದವ್ವ, ಇಬ್ಬರಿಗೂ ಬಿಳಿ ಸೀರೆ. ಮುತ್ತೈದೆಯರು ತಲೆಯ ಮೇಲಿಂದ ನೀರು ಹೊಯ್ಯುತ್ತಾರೆ. ಇದೆಲ್ಲ ನನಗೆ ಗೊತ್ತಿದ್ದದ್ದೇ. ಎಡ ಮೊಲೆ ತೆಗೆಸಿಕೊಂಡ ಮೇಲೆ ಈ ನೀರೊಂದನ್ನು ಹೇಗೆ ಮರೆತೆನೋ.

ಬೆಳಗಾವಿಯಲ್ಲಿ ಆಪರೇಷನ್ ಆಗಿ ಏಳು ತಿಂಗಳು. ನಮ್ಮೂರು ಮಸಗುಪ್ಪಿಯ ಜನಕ್ಕೆ ಪಿತ್ತಕೋಶದ ಹರಳು ಎಂದು ಹೇಳಿದ್ದೆವು. ಗೋಕಾಕದ ಹಾಸ್ಟೆಲ್‌ನಲ್ಲಿದ್ದ ಮಗಳು ದಾಕ್ಷಾಯಿಣಿಗೂ ಅದನ್ನೇ. ಕ್ಯಾನ್ಸರಿನ ಗಂಟು ಸಣ್ಣದಿತ್ತು, ಕೂದಲು ಉದುರುವ ಔಷಧಿ ಬೇಕಾಗಲಿಲ್ಲ, ಸುಳ್ಳು ಉಳಿಯಿತು. ಖರೆ ಗೊತ್ತಿದ್ದದ್ದು ನನ್ನ ಗಂಡ ಕಾಶಿನಾಥರಿಗೆ ಮಾತ್ರ.

"ಕಣಗಲಾದ ಬೀಗರ ಕಿವಿಗೆ ಬಿದ್ರ ಲಗ್ನಾ ಮುರದಂಗ. ತಾಯಿಗೆ ಬಂದದ್ದು ಮಗಳಿಗೆ ಬರೂದಿಲ್ಲೇನು ಅಂತಾರ" ಎಂದಿದ್ದರು.

ಊರ ಹೆಣ್ಮಕ್ಕಳ ಝಂಪರ್ ಹೊಲಿಯುವವಳು ನಾನು. ಒಂದು ಸಣ್ಣ ಚೀಲ ಹೊಲಿದು, ಅರಳೆ ತುಂಬಿ, ತೂಕಕ್ಕೆಂದು ಸಾಸಿವೆ ಹಾಕಿ, ನನ್ನ ಝಂಪರಿನ ಒಳಗೆ ಹಚ್ಚಿಕೊಂಡಿದ್ದೆ. ಬಿಗಿಯಾದರೆ ಗಾಯ ಉರಿಯುತ್ತದೆಂದು ಹೊಲಿಗೆ ಸಡಿಲವೇ ಇತ್ತು. ಕನ್ನಡಿಯೆದುರು ಬಗ್ಗಿ ನೋಡಿದ್ದೆ, ಎದ್ದು ನೋಡಿದ್ದೆ. ತೋಯಿಸಿ ನೋಡಿರಲಿಲ್ಲ.

"ನನ್ನ ಬದ್ಲಿ ನಮ್ಮಕ್ಕನ್ನ ಕೂಡಸ್ರಿ. ನನಗ ಥಂಡಿ ತಡಿಯೂದಿಲ್ಲ" ಎಂದೆ ಸುರಗಿಗೆ ಕರೆದಾಗ.

"ಕಾಸಿದ ನೀರ ಐತಿ ಯಕ್ಕಾ!" ತಂಬಿಗೆ ಹಿಡಿದು ನಿಂತಿದ್ದ ಓಣಿಯ ಹಣಮವ್ವ ನಕ್ಕಳು. "ಮಗಳಿಗಿಲ್ಲದ ನಾಚಿಕಿ ನಿನಗ್ಯಾಕ ಬಂತ?"

ಎಲ್ಲರೂ ನಕ್ಕರು, ಬೀಗತಿ ಶಿವವ್ವ ಒಬ್ಬರನ್ನು ಬಿಟ್ಟು. ಗಂಡಿನ ತಾಯಿ. ಎದುರಿಗೇ ಕೂತಿದ್ದರು, ತೊಡೆಯ ಮೇಲೆ ಮಡಚಿದ ಶಾಲು. ಅವರ ಕಣ್ಣು ನನ್ನ ಮೇಲಿಂದ ಕದಲುತ್ತಿರಲಿಲ್ಲ.

ಮೊದಲ ತಂಬಿಗೆಗೇ ಸೀರೆ ಮೈಗಂಟಿತು. ಎರಡನೆಯದಕ್ಕೆ ಚೀಲ ಭಾರವಾಯಿತು. ಹೊಲಿಗೆ ಬಿಚ್ಚಿದ್ದು ಗೊತ್ತಾಯಿತು. ಚೀಲ ಹೊಟ್ಟೆಯತ್ತ ಜಾರತೊಡಗಿತು. ಮೊಣಕೈಯಿಂದ ಒತ್ತಿ ಹಿಡಿದೆ. ಸಾಸಿವೆ ಒಂದೊಂದೇ ಸೀರೆಯ ನಿರಿಗೆಯೊಳಗೆ ಉದುರುತ್ತಿತ್ತು.

"ಕೈ ಬಿಡ ಯಕ್ಕಾ, ನೀರ ಮೈಗೆ ಬೀಳಲಿ!" ಎಂದಳು ಹಣಮವ್ವ.

ಆಗ ದಾಕ್ಷಿಯ ಕೈ ಹಿಂದಕ್ಕೆ ಬಂತು. ನನ್ನ ಸೆರಗಿನಡಿ ತೂರಿ, ಚೀಲ ಹಿಡಿದು, ಸದ್ದಿಲ್ಲದೆ ತನ್ನ ಮಡಿಲಿಗೆ ಎಳೆದುಕೊಂಡಿತು.

"ಅಳ್ಳಾಡಬ್ಯಾಡವ್ವಾ" ಎಂದಳು ತಿರುಗದೆಯೇ. "ನನ್ನ ಬೆನ್ನಿಗೆ ಒತ್ತಿ ಕುಂದರ."

ಶಿವವ್ವ ಎದ್ದು ಬಂದರು. "ಸಾಕ ಮಾಡ್ರೆವಾ, ನಡಗಾಕತ್ತಾರ." ಶಾಲು ನನ್ನ ಮೇಲೆ ಹೊದಿಸಿ ಎಡಗಡೆಯಿಂದ ಮೊದಲು ಎಳೆದು ಮುಚ್ಚಿದರು.

ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಮಗಳನ್ನು ಕೇಳಿದೆ, "ನಿನಗ ಯಾವಾಗ ಗೊತ್ತಾತು?"

"ದವಾಖಾನಿ ಫೈಲ್ ಹೊಲಿಗಿ ಮಷಿನ್ ಖಾನೆದಾಗ ಇಟ್ಟಿದ್ದ್ಯಲ್ಲಾ. ದಾರ ಹುಡಕಾಕ ಹೋಗಿದ್ದೆ."

"ಬೀಗರಿಗೆ?"

"ನಿಶ್ಚಯ ಆಗೂಕಿಂತ ಮೊದ್ಲ ಅವರಿಗೆ ನಾನ ಹೇಳೇನಿ. ಅವರು ತಮ್ಮವ್ವಗ ಹೇಳ್ಯಾರ."

ಲಗ್ನ ಮುರಿಯುವುದಿಲ್ಲ. ಉಸಿರು ಬಿಡಬೇಕಿತ್ತು ನಾನು. ಬದಲಿಗೆ ಶಾಲನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡೆ. ನಿಶ್ಚಯದ ದಿನ ಶಿವವ್ವನ ಎದುರು ಕೂತು ಎಷ್ಟು ಸಲ ಸೆರಗು ಸರಿಮಾಡಿಕೊಂಡಿದ್ದೆ! ಪಿತ್ತದ ಹರಳಿನ ಕಥೆಯನ್ನು ಅಳತೆ ಸಮೇತ ಹೇಳಿದ್ದೆ, ಅವರು ತಲೆಯಾಡಿಸಿದ್ದರು. ಎಲ್ಲ ಗೊತ್ತಿದ್ದೂ.

"ನನ್ನ ಮುಂದ ಯಾಕ ಬಾಯಿ ಬಿಡಲಿಲ್ಲ ನೀ?"

"ನೀ ಬಿಟ್ಟ್ಯೇನವ್ವಾ?"

ಯಾರೋ ಬಾಗಿಲು ಬಡಿದರು. "ಬೀಗತೇರ, ಒಣ ಸೀರಿ ತಂದೇನ್ರಿ. ಒಳಗ ಬರ್ಲ್ಯಾ?" ಶಿವವ್ವನ ದನಿ.

ನನ್ನ ಎರಡೂ ಕೈ ತಾವಾಗಿ ಎದೆಗೆ ಹೋದವು. ದಾಕ್ಷಿ ಚಿಲಕ ಹಿಡಿದು ನನ್ನ ಮುಖ ನೋಡುತ್ತಿದ್ದಳು. ಅವಳ ಅಂಗೈಗೆ ಸಾಸಿವೆ ಕಾಳು ಅಂಟಿದ್ದವು.

"ಬರ್ರಿ" ಎಂದೆ. ಕೈ ಮಾತ್ರ ಇನ್ನೂ ಇಳಿದಿರಲಿಲ್ಲ.