ನೆಲಕ್ಕಿಟ್ಟ ಕೆನ್ನೆ

"ಏ ಮುಂಡೇದೆ, ಹುಲ್ಲಿನ ಮೇಲೇನು ಹೆಣದ ಹಾಗೆ ಬಿದ್ಕೊಂಡಿದೀಯ? ಏಳೇ ಮೇಲೆ! ಮಿಷನ್ ಬಂತು."

ಬೈದವನು ಬಂಗಲೆಯ ಯಜಮಾನ. ಬೈಸಿಕೊಂಡವಳು ಹುಲ್ಲುಹಾಸಿನ ಮೇಲೆ ಅಡ್ಡಬಿದ್ದು, ಎಡಗೆನ್ನೆಯನ್ನು ನೆಲಕ್ಕೆ ಒತ್ತಿ, ಒಂದು ಕಣ್ಣು ಮುಚ್ಚಿ ಉಬ್ಬುತಗ್ಗು ನೋಡುತ್ತಿದ್ದಳು. ಹುಲ್ಲು ಸುಲಿದು ನೆಲ ಮಟ್ಟ ಮಾಡುವ ಬಾಡಿಗೆ ಮಿಷನ್ ತಂದವನು ನಾನು. ಮುಖ ಕಾಣುವ ಮೊದಲೇ ನನಗೆ ಗೊತ್ತಾಯಿತು, ಅವಳು ನನ್ನ ಅಕ್ಕ.

ನಮ್ಮವರೆಲ್ಲ ಹುಲ್ಲುಹಾಸು ಕೂರಿಸುವವರು. ದಾರ ಇಲ್ಲ, ಮಟ್ಟಗೋಲು ಇಲ್ಲ, ಕೆನ್ನೆ ಒಂದೇ. ನೆಲಕ್ಕೆ ಕೆನ್ನೆ ಇಟ್ಟರೆ ಅಂಗುಲದ ಕಾಲುಭಾಗ ತಗ್ಗಿದ್ದರೂ ಕಾಣುತ್ತದೆ. ನನಗೂ ಅದನ್ನು ಕಲಿಸಿದವಳು ಅಕ್ಕನೇ. ಅವಳು ಯಾವುದೋ ಬಂಗಲೆಯಲ್ಲಿ ಕೆಲಸಕ್ಕಿದ್ದಾಳೆ ಎನ್ನುವುದಷ್ಟೇ ನನಗೆ ಗೊತ್ತಿತ್ತು. ಹನ್ನೆರಡು ವರ್ಷದಿಂದ ಅವಳ ಮನೆಯ ಕಡೆ ತಲೆ ಹಾಕದವನು ಯಾವ ಬಂಗಲೆ ಅಂತ ಕೇಳುವುದಾದರೂ ಯಾವಾಗ?

ಅಕ್ಕ ಎದ್ದಳು. ಕೆನ್ನೆಯ ಮಣ್ಣು ಒರೆಸಿಕೊಳ್ಳುತ್ತಾ ನನ್ನನ್ನು ನೋಡಿದಳು. ಬಾಯಿ ಅರ್ಧ ತೆರೆಯಿತು.

ಅಷ್ಟರಲ್ಲಿ ಯಜಮಾನ, "ಬಾರಪ್ಪಾ, ಕೂತ್ಕೋ," ಅಂತ ಕುರ್ಚಿ ತೋರಿಸಿದ. ಗಾಜಿನ ಲೋಟದಲ್ಲಿ ನೀರು ತರಿಸಿದ. ಆಚೆ ಅಕ್ಕನ ಜೊತೆಯ ಇಬ್ಬರು ಹೆಂಗಸರು ಗಿಡಕ್ಕೆ ಬಿಡುವ ಪೈಪಿಗೇ ಬಾಯಿ ಕೊಟ್ಟು ನೀರು ಕುಡಿಯುತ್ತಿದ್ದರು.

"ಇವರ ಕೆಲಸ ಇವತ್ತಿಗೆ ಮುಗೀತು. ಹನ್ನೊಂದು ವರ್ಷ ಮಂಡಿ ಊರಿ ಕೆರೆದದ್ದೇ ಬಂತು, ನೆಲ ನೋಡು, ಕೋಳಿ ಕೆದಕಿದ ಹಾಗಿದೆ. ಭಾನುವಾರ ನೂರು ಜನ ಬರ್ತಾರೆ. ನಿನ್ನ ನೋಡಿದ್ರೆ ನಾಲ್ಕಕ್ಷರ ಕಲಿತೋನ ಹಾಗಿದೀಯ. ಈ ದನಗಳ ಥರ ಅಲ್ಲ."

ಹೇಳಲು ನಾಚಿಕೆ, ಆದರೂ ಹೇಳುತ್ತೇನೆ. ಆ ಮಾತು ನನಗೆ ಹಿತವಾಗಿತ್ತು. ಕುರ್ಚಿಯೂ ಹಿತವಾಗಿತ್ತು.

"ಅವಳ್ಯಾಕೆ ನಿನ್ನೇ ನೋಡ್ತಿದಾಳೆ? ಪರಿಚಯಾನಾ?"

"ಇಲ್ಲ ಸಾರ್. ಯಾರೋ ಏನೋ."

ಅಕ್ಕನ ಬಾಯಿ ಮುಚ್ಚಿಕೊಂಡಿತು. ಜೊತೆಯವಳೊಬ್ಬಳು, ಗಿಡ್ಡಿ ಅಂತ ಕರೆಯುತ್ತಿದ್ದರು ಅವಳನ್ನು, ಪಿಸುಗುಟ್ಟಿದ್ದು ನನಗೂ ಕೇಳಿಸಿತು. "ಅಯ್ಯೋ, ಇವನ ಮೂಗು ನೋಡೇ, ನಿನ್ನ ಮೂಗೇ ಕಿತ್ತು ಅಂಟಿಸಿದ ಹಾಗಿದೆ!"

"ಸುಮ್ನಿರೇ," ಅಂದಳು ಅಕ್ಕ. "ನಮ್ಮಂಥೋರ ಮೂಗು ಅವರಿಗ್ಯಾಕೆ ಬರುತ್ತೆ?"

ನಾನು ಎದ್ದು ಹೋಗಿ ಮಿಷನ್ ಹತ್ತಿದೆ. ಅಕ್ಕ ಹತ್ತಿರ ಬಂದಳು.

"ಡ್ರೈವರ್ ಸಾಹೇಬ್ರೆ."

ನನ್ನನ್ನು ಸೊಂಟದ ಮೇಲೆ ಹೊತ್ತು, ಸಿಂಬಳ ತೆಗೆದು ಬೆಳೆಸಿದವಳು ನನಗೆ ಸಾಹೇಬ್ರೆ ಅಂದಳು.

"ಆ ಮೂಲೇಲಿ ಹಳೇ ಕಕ್ಕಸು ಗುಂಡಿ ಇದೆ. ವರ್ಷವರ್ಷ ಒಂದಿಷ್ಟು ಇಳೀತಾ ಬಂದಿದೆ. ಹುಲ್ಲಿನ ಬೇರೇ ಅದನ್ನ ಹಿಡ್ಕೊಂಡಿರೋದು. ಅಲ್ಲಿ ಸುಲೀಬೇಡಿ."

ಯಜಮಾನ ಹೊಟ್ಟೆ ಹಿಡಿದುಕೊಂಡು ನಕ್ಕ. "ಮನೆ ನಂದು, ಗುಂಡಿ ಮಾತ್ರ ಇವಳಿಗೆ ಗೊತ್ತು! ಕೆಲಸ ಹೋಯ್ತಲ್ಲ, ಕತೆ ಕಟ್ತಾಳೆ ಲೌಡಿ. ನೀನೇನಪ್ಪಾ ಹೇಳ್ತೀಯ?"

ಅಕ್ಕನ ಕೆನ್ನೆ ಯಾವತ್ತೂ ಸುಳ್ಳು ಹೇಳಿದ್ದಿಲ್ಲ. ಅದು ಆ ಅಂಗಳದಲ್ಲಿ ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಹೂಂ ಅಂದರೆ ನಾನೂ ಕೆನ್ನೆಯವರ ಪೈಕಿ ಅಂತಾಗುತ್ತಿತ್ತು.

"ಮಿಷನ್ ಇದೆಯಲ್ಲ ಸಾರ್, ಏನೂ ಆಗಲ್ಲ," ಅಂದೆ.

ಮಿಷನ್ ಓಡಿತು. ಹನ್ನೊಂದು ವರ್ಷದ ಹುಲ್ಲು ಚಾಪೆಯ ಹಾಗೆ ಸುರುಳಿ ಸುತ್ತಿಕೊಂಡು ಬಂತು. ಮೂವರು ಹೆಂಗಸರೂ ಗೋಡೆ ಪಕ್ಕ ನಿಂತು ನೋಡುತ್ತಿದ್ದರು. ಮೂಲೆಗೆ ಬಂದಾಗ ಕೈ ಒಮ್ಮೆ ಹಿಂಜರಿಯಿತು. ಯಜಮಾನ ನೋಡುತ್ತಿದ್ದ. ಬ್ಲೇಡು ಇಳಿಸಿದೆ. ಬೇರು ಪರಪರ ಹರಿಯಿತು, ನೆಲ ಕುಸಿಯಿತು, ಮುಂದಿನ ಚಕ್ರ ಅಚ್ಚಿನವರೆಗೆ ಹೂತುಹೋಯಿತು. ಗಬ್ಬುನಾತ ಎದ್ದಿತು.

ಯಜಮಾನ ಓಡಿಬಂದ. ಬಂದದ್ದು ನನ್ನ ಕಡೆಗಲ್ಲ.

"ಹನ್ನೊಂದು ವರ್ಷ ನನ್ನ ಅನ್ನ ತಿಂದು ಗುಂಡಿ ಮುಚ್ಚಿಟ್ಟಿದ್ದೆಯಲ್ಲೇ, ಬೋಳಿ!"

"ಈಗ ತಾನೇ ಹೇಳಿದ್ನಲ್ಲ ಸ್ವಾಮಿ."

"ಎದುರುತ್ತರ ಬೇರೆ! ಮಲ್ಕೊಳ್ಳೇ ಅಲ್ಲಿ. ಇಡು ಕೆನ್ನೆ! ಇನ್ನೆಲ್ಲೆಲ್ಲಿ ಗುಂಡಿ ಇದೆ ಅಂತ ಹೇಳೋವರ್ಗೂ ಏಳ್ಕೂಡ್ದು."

ಅಕ್ಕ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು. ಸುಲಿದ ಹಸಿಮಣ್ಣಿನ ಮೇಲೆ ಮಲಗಿ ಎಡಗೆನ್ನೆ ಇಟ್ಟಳು. ಮಹಡಿಯ ಮೇಲೆ ಮನೆಯವರು ಮೂಗು ಮುಚ್ಚಿಕೊಂಡು, ಫೋನು ಹಿಡಿದು ನಗುತ್ತಿದ್ದರು. ಅವಳ ಕಿವಿಯ ತೂತಿನಲ್ಲಿ ಪೊರಕೆಕಡ್ಡಿ ಇತ್ತು. ಅಲ್ಲಿದ್ದ ಓಲೆ ನನ್ನ ಲೈಸೆನ್ಸಿಗೆ ಹೋದದ್ದು, ಮತ್ತೆ ಬರಲೇ ಇಲ್ಲ.

ನಾನು ಕೆಳಗಿಳಿದೆ. ಇಂಜಿನ್ ಆರಿಸುವುದೂ ಮರೆತುಹೋಗಿತ್ತು. ಕಂಪನಿಯ ಇಸ್ತ್ರಿ ಅಂಗಿಯಲ್ಲೇ ಅವಳ ಮುಂದೆ ಅಡ್ಡಬಿದ್ದು, ನೆಲಕ್ಕೆ ಕೆನ್ನೆ ಇಟ್ಟೆ. ಅವಳ ಮುಖ ಗೇಣುದೂರದಲ್ಲಿತ್ತು.

"ಅಕ್ಕಾ!" ಅಂದೆ, ಮಹಡಿಯವರಿಗೂ ಕೇಳುವ ಹಾಗೆ. "ಇವಳು ನನ್ನ ಒಡಹುಟ್ಟಿದ ಅಕ್ಕ. ಗುಂಡಿ ಇದೆ ಅಂತ ಹೇಳಿದ್ಲು. ನನಗೂ ಗೊತ್ತಿತ್ತು. ಗೊತ್ತಿದ್ದೇ ಸುಲಿದೆ."

ನಗು ನಿಂತಿತು. ಯಜಮಾನ, "ಏಳೋ ಬೋಳಿಮಗನೆ, ನಿನ್ನ ಕಂಪನಿಗೆ ಫೋನ್ ಮಾಡ್ತೀನಿ," ಅಂತ ಕಿರುಚಿದ. ಮಾಡಲಿ ಬಿಡು ಅನ್ನಿಸಿತು.

ಅಕ್ಕ ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ನನ್ನನ್ನು ನೋಡಿದಳು, ತಗ್ಗು ಎಷ್ಟಿದೆ ಅಂತ ನೆಲ ನೋಡುವ ಹಾಗೆಯೇ. ಬಹಳ ಹೊತ್ತು ನೋಡಿದಳು.

"ಏಳಿ ಸಾಹೇಬ್ರೆ," ಅಂದಳು ಮೆಲ್ಲಗೆ. "ಬಟ್ಟೆ ಮಣ್ಣಾಗುತ್ತೆ."

ಆಮೇಲೆ ಮುಖ ಆಚೆ ತಿರುಗಿಸಿಕೊಂಡಳು. ಮಣ್ಣು ಮೆತ್ತಿದ ಇನ್ನೊಂದು ಕಿವಿ ನನ್ನ ಕಣ್ಣೆದುರಿಗೆ ಬಂತು. ಅದರಲ್ಲೂ ಕಡ್ಡಿಯೇ ಇತ್ತು. ನಾನು ಏಳಲಿಲ್ಲ.